ಕರಿ ಕಪಾಟು

ಗೌರಕ್ಕ ಮೂರನೆಯ ಸಲ ಅಂಗಡಿಯ ಮೆಟ್ಟಿಲು ಹತ್ತಿದಾಗ ಮಾಲಿಂಗನ ಅನುಮಾನ ಗಟ್ಟಿಯಾಯಿತು. ಈಕೆ ಬರುತ್ತಿರುವುದು ಬಾತ್‌ರೂಮಿನ ಕಪಾಟಿಗಲ್ಲ.

ಘಟಪ್ರಭಾ ಸ್ಟೇಷನ್ ರಸ್ತೆಯಲ್ಲಿ ಅವನದು ಬಾತ್‌ರೂಮ್ ಸಾಮಾನಿನ ಅಂಗಡಿ. ಎಲ್ಲಿ ನೋಡಿದರೂ ಬಿಳಿ ಬೇಸಿನ್, ಬಿಳಿ ಕಮೋಡ್, ಬಿಳಿ ಟೈಲ್ಸ್. ಅಂದು ಏಳೆಂಟು ಗಿರಾಕಿಗಳಿದ್ದರು. ಕೆಲಸದ ಅಲ್ಲಪ್ಪ ಬಾಗಿಲಲ್ಲೇ ನಿಂತಿದ್ದ. ಗೌರಕ್ಕ ಯಾರನ್ನೂ ಮಾತಾಡಿಸಲಿಲ್ಲ. ಸೀದಾ ಮಾಲಿಂಗನ ಎದುರು ಬಂದು ನಿಂತಳು.

“ಕರಿ ಕಪಾಟ ಬಂತೇನ್ರಿ?”

“ಗೋಕಾಕದಿಂದ ನಿನ್ನೆ ಬಂತ್ರಿ. ಆದ್ರೂ ಹೇಳ್ತೇನಿ, ಮನಿಗೆ ಕರಿ ಸಾಮಾನ ಯಾರೂ ಒಯ್ಯಂಗಿಲ್ರಿ. ಈ ಬಿಳೇದ ನೋಡ್ರಿ, ಹಾಲಿನಂಗ ಐತಿ.”

“ಬಿಳೇದರ ಮ್ಯಾಲ ನನಗ ಭರೋಸಾ ಇಲ್ರಿ,” ಎಂದಳು ಗೌರಕ್ಕ.

ಕಪಾಟಷ್ಟೇ ಅಲ್ಲ. ಸ್ಟೂಲು, ಸೋಪಿನ ಡಬ್ಬಿ, ಟವೆಲ್ ಹಾಕುವ ಗೂಟ, ಬಕೆಟ್, ಕೊನೆಗೆ ಮಗ್ಗು ಕೂಡ ಕರಿಯದೇ ಬೇಕು. ಕಪಾಟನ್ನು ಬಿಳಿ ಟೈಲ್ಸಿನ ಗೋಡೆಗೆ ಹಿಡಿಸಿ, ಬಾಗಿಲವರೆಗೆ ಹಿಂದೆ ಸರಿದು ನೋಡಿದಳು. ಆಮೇಲೆ ತಲೆಯಾಡಿಸಿದಳು. ಇಷ್ಟು ಸಣ್ಣ ಕೆಲಸಕ್ಕೆ ಮೂರು ಭೇಟಿ ಬೇಕೇ? ಮಾಲಿಂಗ ತನ್ನನ್ನೇ ಕೇಳಿಕೊಂಡ, ಉತ್ತರವನ್ನೂ ತಾನೇ ಕೊಟ್ಟುಕೊಂಡು ಖುಷಿಪಟ್ಟ.

ಧುಪದಾಳದ ಗೌರಕ್ಕನಿಗೆ ನಲವತ್ತೆಂಟಿರಬಹುದು. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರಿನ ಹೆಂಗಸರ ಜಂಪರು ಹೊಲಿದು ಬದುಕಿದವಳು, ಹೋದ ವರ್ಷ ಮಶೀನನ್ನೇ ಮಾರಿಬಿಟ್ಟಿದ್ದಳು. ಯಾಕೆಂದು ಕೇಳಿದರೆ, “ಸೂಜಿ ದಾರ ಸಾಕಾತ್ರಿ,” ಎಂದಷ್ಟೇ ಹೇಳಿದ್ದಳು.

ಮಾಲಿಂಗನೂ ಒಂಟಿ. ಹೆಂಡತಿ ಹೋಗಿ ಆರು ವರ್ಷ, ಮಗಳು ಮೂಡಲಗಿಯ ಸೊಸೆ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದೆ ಟಿ.ವಿ.ಯಲ್ಲಿ ಮಳೆಯ ಸುದ್ದಿ ಓದುವವಳಿಗೂ ಅವನು ಉತ್ತರ ಕೊಡುತ್ತಿದ್ದ. ಕುರುಬರ ಮನೆತನ, ಕುರಿ ಬಿಟ್ಟು ಅಂಗಡಿ ಇಟ್ಟರೂ ಅಪ್ಪನ ಕರಿ ಕಂಬಳಿ ಹೆಗಲ ಮೇಲಿಲ್ಲದೆ ಗಲ್ಲಾದ ಮುಂದೆ ಕೂತವನಲ್ಲ.

“ನಿಮ್ಮ ಕಂಬಳಿ ಭಾಳ ಛಲೋ ಐತ್ರಿ,” ಎಂದಳು ಗೌರಕ್ಕ. “ನಮ್ಮಪ್ಪಂದೂ ಹಿಂಗ ಇತ್ತು. ದೂರದಿಂದ ಗುರತ ಸಿಗತೈತಿ.”

ಮಾಲಿಂಗ ಹೆಗಲ ಕಂಬಳಿ ಸರಿಪಡಿಸಿಕೊಂಡ. ಚಹಾ ತರಿಸಿದ. ಆಕೆ ಕೈ ಚಾಚಿದಾಗ ಪಿಂಗಾಣಿಯ ಕಪ್-ಬಸಿ ತಾಗಿ ಉರುಳಿತು. ಆಕೆಯ ಮುಖ ಕೆಂಪಾಯಿತು. ಪಾಪ, ನಾಚಿಕೆ ಎಂದುಕೊಂಡ. ಅವನು ನಕ್ಕರೆ ಆಕೆ ತಿರುಗಿ ನಗುತ್ತಿರಲಿಲ್ಲ. ಮಾತಾಡಿದರೆ ಮಾತ್ರ ನಗುತ್ತಿದ್ದಳು. ಅದೂ ಗಾಂಭೀರ್ಯವೇ ಎಂದು ಲೆಕ್ಕ ಹಾಕಿದ್ದ.

ಆಕೆಯ ಮೊಣಕೈಯಲ್ಲಿ ನೀಲಿಗಟ್ಟಿದ ಕಲೆ ಕಂಡಿತು. “ಏನಾತ್ರಿ ಇದು?”

“ಬಾತ್‌ರೂಮಿನ್ಯಾಗ ಬಿದ್ದೆ. ಯಾರ ಮುಂದೂ ಅನಬ್ಯಾಡ್ರಿ. ಅಣ್ಣಗ ಗೊತ್ತಾದ್ರ ಹುಕ್ಕೇರಿಗೆ ಕರಕೊಂಡ ಹೋಗಿ ಒಂದ ಮೂಲ್ಯಾಗ ಕೂಡಸ್ತಾನ. ನನ್ನ ಮನ್ಯಾಗ ನಾ ಇರಬೇಕ್ರಿ.” ದನಿ ಸಣ್ಣದಾಯಿತು. “ಒಬ್ಬಾಕಿನ ಇದ್ರೂ ಅಡ್ಡಿ ಇಲ್ಲ.”

ಒಬ್ಬಳೇ ಯಾಕಿರಬೇಕು ಎಂದು ಕೇಳಬೇಕೆನಿಸಿತು. ಗಿರಾಕಿಗಳ ನಡುವೆ ನಾಲಗೆ ಏಳಲಿಲ್ಲ. ಸಾಮಾನು ಕೂಡಿಸಲು ನಾಳೆ ತಾನೇ ಬರುತ್ತೇನೆಂದು ಹೇಳಿ ಕಳಿಸಿದ.

ಆ ಸಂಜೆ ಗೆಳೆಯ ಯಲ್ಲಾರಿ ಎಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕ. “ಮದ್ಲ ಆ ಕಂಬಳಿ ತಗೀಲೇ ಮಾಲಿಂಗ್ಯಾ! ಕಂಬಳಿ ಹೊತ್ತ ಮುದಕನ್ನ ಯಾರ ನೋಡ್ತಾರ? ಬಿಳಿ ಅಂಗಿ, ಬಿಳಿ ಧೋತರ, ಬಿಳಿ ರುಮಾಲ. ಮದಿಮಗನಂಗ ಹೋಗು.”

ಮರುದಿನ ಬೆಳಿಗ್ಗೆ ಮಾಲಿಂಗ ಹಾಗೆಯೇ ಹೋದ. ಕಂಬಳಿಯನ್ನು ಮಡಚಿ ಸಾಮಾನಿನ ಆಟೋದ ಸೀಟಿನ ಕೆಳಗೆ ತುರುಕಿದ. ಅಪ್ಪನನ್ನೇ ಅಡಗಿಸಿಟ್ಟಂತೆನಿಸಿ ನಾಚಿಕೆಯಾಯಿತು, ಆದರೂ ತೆಗೆಯಲಿಲ್ಲ.

ಮೊದಲೇ ಹೇಳಿದ್ದಂತೆ ಗೌರಕ್ಕ ಬಾಗಿಲು ತೆರೆದಿಟ್ಟು ಗುಡಿಗೆ ಹೋಗಿದ್ದಳು. ಬಾತ್‌ರೂಮು ನೆಲದಿಂದ ಮಾಡಿನವರೆಗೆ ಬಿಳಿ ಟೈಲ್ಸು. ಡ್ರಿಲ್ ಹಿಡಿದು ಅವನು ಒಂದೊಂದೇ ಗೂಟ ಹೊಡೆದ, ಕಪಾಟು ಕೂಡಿಸಿದ. ಟೈಲ್ಸಿನ ಬಿಳಿ ಹುಡಿ ಮೋರೆಗೆ, ಮೀಸೆಗೆ, ಕೈಗೆ ಮೆತ್ತಿತು. ಒರೆಸಿಕೊಳ್ಳುವಷ್ಟರಲ್ಲಿ ಗೌರಕ್ಕ ಬಂದೇಬಿಟ್ಟಳು. ಬಾಜೂಕಿನ ಹಿಟ್ಟಿನ ಗಿರಣಿ ಜೋರಾಗಿ ಓಡುತ್ತಿತ್ತು. ಅದು ನಿಂತ ಕೂಡಲೇ ಹೇಳಿಬಿಡಬೇಕು ಎಂದು ಮಾಲಿಂಗ ಗೋಡೆಗೆ ಬೆನ್ನು ಕೊಟ್ಟು, ನಗುತ್ತ ನಿಂತ.

ಹೊಸ್ತಿಲಲ್ಲಿ ನಿಂತು ಆಕೆ ಕೈ ಚಾಚಿದಳು. ಗೂಟ ಸಿಕ್ಕಿತು. ಸ್ಟೂಲು ಮುಟ್ಟಿದಳು, ಕಪಾಟಿನ ಬಾಗಿಲು ತೆರೆದು ಮುಚ್ಚಿದಳು. ಒಂದೂ ತಪ್ಪಲಿಲ್ಲ. ಮುಖ ಅರಳಿತು. ನೋಟ ಎರಡು ಮೊಳ ದೂರದಲ್ಲಿದ್ದ ಮಾಲಿಂಗನ ಮೇಲೆ ಹಾದು, ಎಲ್ಲೂ ನಿಲ್ಲದೆ ಮುಂದೆ ಹೋಯಿತು.

ಗಿರಣಿ ನಿಂತಿತು.

“ಕೂಡಿಸಿ ಹೋಗೇಬಿಟ್ರು,” ಎಂದು ಗೌರಕ್ಕ ತನ್ನಷ್ಟಕ್ಕೆ ಹೇಳಿಕೊಂಡಳು. “ಚಾ ಸೈತ ಕುಡೀಲಿಲ್ಲ.”

ಮಾಲಿಂಗ ತನ್ನ ಅಂಗಿ ನೋಡಿಕೊಂಡ, ಹುಡಿ ಮೆತ್ತಿದ ಕೈ ನೋಡಿಕೊಂಡ, ಹಿಂದಿನ ಗೋಡೆ ನೋಡಿದ, ಎಲ್ಲ ಒಂದೇ ಬಿಳಿ. ಮಾರಿದ ಮಶೀನು, ಉರುಳಿದ ಕಪ್-ಬಸಿ, ಮೊಣಕೈಯ ಕಲೆ ಎಲ್ಲ ನೆನಪಾಯಿತು. ಅಡುಗೆಮನೆಗೆ ಹೋದ ಗೌರಕ್ಕ, ಒಲೆಯ ಪಕ್ಕ ಜೋಡಿಸಿಟ್ಟಿದ್ದ ಎರಡು ಲೋಟಗಳಲ್ಲಿ ಒಂದನ್ನು ತಡವಿ ತೆಗೆದು ಮತ್ತೆ ಒಳಗಿಟ್ಟಳು.

ಅವನು ಓಣಿಯ ತುದಿಯಲ್ಲಿ ನಿಲ್ಲಿಸಿದ್ದ ಆಟೋದವರೆಗೆ ಓಡಿದ. ಸೀಟಿನ ಕೆಳಗಿನ ಕಂಬಳಿ ಎಳೆದು ಮೈತುಂಬ ಹೊದ್ದು, ತಿರುಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮಾತು ಇನ್ನೂ ಹೊರಟಿರಲಿಲ್ಲ.

ಗೌರಕ್ಕ ತಲೆಯೆತ್ತಿ ನೇರ ಅವನನ್ನೇ ನೋಡಿ, “ಇನ್ನಾ ಇಲ್ಲೇ ಅದೀರೇನ್ರಿ?” ಎಂದು ನಕ್ಕು, ಎರಡನೆಯ ಲೋಟವನ್ನು ಮತ್ತೆ ಹೊರಗೆ ತೆಗೆದಳು.