ಮಾರೆಪ್ಪ ಇಳಿದ ಗಾಡಿ

ಲಾರಿಯ ಮುಂದಿನ ಗಾಲಿಯ ಪಕ್ಕದಲ್ಲಿ ಎರಡು ಕಾಲು ಕಂಡವು. ದಿಲೀಪ ಅವನ್ನು ಹಿಡಿದು ದರದರ ಹೊರಗೆಳೆದ, ಮುಖ ನೋಡಿದ, ಟಾಮಿ ಬೀಸಿದ. ಗಾಲಿ ಬಿಚ್ಚುವ ಕಬ್ಬಿಣದ ಸಲಾಕೆ ಅದು. ಮೊದಲ ಏಟಿಗೇ ಮಾರೆಪ್ಪನ ಎಡಗೈ ಲಟಕ್ಕನೆ ಮುರಿಯಿತು. ಅದರಲ್ಲಿದ್ದ ನಟ್ಟು ತಿರುವುವ ಪಾನಾ ಠಣ್ಣೆಂದು ನೆಲಕ್ಕೆ ಬಿತ್ತು.

"ಪಾನಾ ತಂದೀಯಾ, ಭಾಡ್ಯಾ? ನನ್ನ ಗಾಡೀಗೆ ಕೈ ಹಾಕ್ತೀಯಾ?"

"ಮಾಲಕ್ರ, ಒಂದ ಮಾತ..."

ಎರಡನೇ ಏಟು ಬಾಯಿಗೇ ಬಿತ್ತು. ಮಾತೂ ಹಲ್ಲೂ ಒಟ್ಟಿಗೇ ಉದುರಿದವು.

ಮೂರು ದಿನದ ಹಿಂದೆ ಇದೇ ಮುದುಕ ಫೋನ್ ಮಾಡಿದ್ದ. "ನಾ ಬಂದು ಮುಟ್ಟೂತನಕಾ ಗಾಡಿ ಹೊರಗ ತಗೀಬ್ಯಾಡ್ರಿ, ಮಾಲಕ್ರ. ತಗದ್ರ ಜೀವಕ್ಕ ಬರತೈತಿ." ದಿಲೀಪ ಮುಂದಿನದು ಕೇಳಲೇ ಇಲ್ಲ. ಧಮಕಿ ಹಾಕುವವನ ಮಾತು ಮುಗಿಯಲಿ ಎಂದು ಯಾರಾದರೂ ಕಾಯುತ್ತಾರೆಯೇ? ಆಮೇಲೆ ಬಂದ ನಾಲ್ಕು ಕರೆಯನ್ನೂ ಎತ್ತಲಿಲ್ಲ. ಮಾರೆಪ್ಪ ಬಾಗಿಲಿಗೆ ಬಂದರೆ ಕಾಲು ಮುರಿ ಎಂದು ಆಳು ಗುರಲಿಂಗನಿಗೆ ಹೇಳಿಟ್ಟಿದ್ದ. ಮುದುಕ ಬೆಳಗಾಗುವಾಗ ಗೋಡೆ ಹಾರಿಯೇ ಬಂದಿದ್ದ.

ಸೇಡು ಅಂದುಕೊಳ್ಳಲು ಕಾರಣವೂ ಇತ್ತು. ಇಪ್ಪತ್ತೆಂಟು ವರ್ಷದ ಹಿಂದೆ, ಆರಗ ಊರಿನ ಇದೇ ತಗಡಿನ ಶೆಡ್ಡಿನಲ್ಲಿ, ಡೀಸೆಲ್ ಕದ್ದನೆಂದು ಡ್ರೈವರ್ ಮಾರೆಪ್ಪನನ್ನು ದಿಲೀಪ ಬೆಲ್ಟಿನಿಂದ ಬಡಿದಿದ್ದ. ಗಾಡಿ ನಿಲ್ಲಿಸಿ ಆಗ ತಾನೇ ಇಳಿದಿದ್ದವನನ್ನು ಉಟ್ಟ ಬಟ್ಟೆಯಲ್ಲೇ ಹೊರದಬ್ಬಿದ್ದ. ಕದ್ದವನು ಬೇರೆಯೆಂದು ತಿಂಗಳೊಳಗೆ ಗೊತ್ತಾಯಿತು. ತಪ್ಪಾಯಿತು ಎನ್ನಲು ಮಾಲಕನ ನಾಲಿಗೆ ಏಳಬೇಕಲ್ಲ! ಅಷ್ಟರಲ್ಲಿ ಹೊಸ ಲಾರಿ ಬಂತು. ಹಳೆಯದು ನಿಂತಲ್ಲೇ ನಿಂತಿತು.

ಎಂಥಾ ಗಾಡಿ ಅದು! ಮುಂದಕ್ಕೆ ಚಾಚಿದ ದಪ್ಪ ಮೂತಿ, ಕಟ್ಟಿಗೆಯ ಬಾಡಿ, ಹಣೆಯ ಮೇಲೆ ಅಪ್ಪ ಬರೆಸಿದ 'ಪದ್ಮಾವತಿ'. ಸಾಂಗ್ಲಿಯ ಪೇಟೆಯಲ್ಲಿ ಅರಿಸಿನ ಹೇರಿ ಹೊರಟರೆ ಮುಂಬಯಿ ಮುಟ್ಟುವ ತನಕ ಕ್ಯಾಬಿನ್ನೆಲ್ಲ ಅದೇ ವಾಸನೆ. ಆಗ ಬಾಗಿಲಿಗೆ ಕೀಲಿಯಿಲ್ಲ, ಒಂದು ಮೊಳೆ ತುರುಕಿದರೆ ಎಂಜಿನ್ ಚಾಲೂ. ಅದಕ್ಕೇ ಗಾಡಿ ಬಿಟ್ಟು ಹೋಗುವಾಗ ಒಬ್ಬೊಬ್ಬ ಡ್ರೈವರನದೂ ಒಂದೊಂದು ಹಿಕ್ಮತ್ತು. ಒಬ್ಬ ಬ್ಯಾಟರಿಯ ವಾಯರ್ ಕಿತ್ತಿಡುವನು, ಒಬ್ಬ ಡೀಸೆಲ್ ಬಂದ್ ಮಾಡುವನು. ಮಾರೆಪ್ಪನದು ಮಾತ್ರ ಮಾಲಕನಿಗೂ ಗೊತ್ತಿರಲಿಲ್ಲ. ಒಮ್ಮೆ ಖಂಡೇರಾಜುರಿಯಲ್ಲಿ ಪದ್ಮಾವತಿಯನ್ನು ಹೊಡೆದುಕೊಂಡು ಹೋದ ಕಳ್ಳ ನೂರು ಮಾರು ದಾಟುವಷ್ಟರಲ್ಲಿ ಬೇವಿನ ಮರಕ್ಕೆ ಗುದ್ದಿ ಪಕ್ಕೆಲುಬು ಮುರಿದುಕೊಂಡ. ಹೆಂಗಲೇ ಎಂದರೆ ಮಾರೆಪ್ಪ ಜೇಬು ತಟ್ಟಿ ನಕ್ಕಿದ್ದ, ಅಷ್ಟೇ.

ಈಗ ಮಿರಜದಲ್ಲಿ ಹಳೇ ಲಾರಿಗಳ ಮೆರವಣಿಗೆ, ಪದ್ಮಾವತಿಯೂ ಹೊರಡುವ ಸುದ್ದಿ ಊರೂರಿಗೆ ಹಬ್ಬಿತ್ತು. ಮೇಸ್ತ್ರಿ ಶೆಡ್ಡಿಗೇ ಬಂದು ಎಂಜಿನ್ ಎಬ್ಬಿಸಿದ, ಟಾಯರ್ ಹಾಕಿದ, ಅಡಿಯಿಂದ ಮುಡಿಯ ತನಕ ಬಣ್ಣ ಬಳಿದ. ಆದರೆ ಗಾಡಿಯನ್ನು ಒಂದು ಮಾರೂ ಓಡಿಸಗೊಡಲಿಲ್ಲ ದಿಲೀಪ. ಮೊದಲ ಸವಾರಿ ಹೆಂಡತಿ ಶಾಲನಳದ್ದೇ ಆಗಬೇಕು. ಹೆಂಗಸರು ಕ್ಯಾಬಿನ್ ಹತ್ತಬಾರದೆಂದು ಅಪ್ಪನ ಕಟ್ಟಳೆ. "ಒಮ್ಮೆರೆ ಕುಂದ್ರಸ್ರೀ" ಎಂದು ಅವಳು ಮದುವೆಯಾದ ವರ್ಷ ಕೇಳಿದ್ದಳು. ನಲವತ್ತು ವರ್ಷ ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಇಂದು ತೆಗೆಯಬೇಕು ಅನ್ನುವ ದಿನ ಈ ಪೀಡೆ!

ಮಾರೆಪ್ಪ ಬಾಯಿಯ ರಕ್ತ ನುಂಗುತ್ತ ಬಲಗೈಯ ಮುಷ್ಟಿಯನ್ನು ಗಾಲಿಯ ಕಡೆ ಚಾಚಿದ.

"ಮುಷ್ಟಿ ತೋರಸ್ತೀಯಾ ನನಗ?"

ಮೂರನೆಯದು ಹೆಗಲಿಗೆ. ನಾಲ್ಕನೆಯದು ಮಂಡಿಗೆ. ಮುದುಕ ನಾಯಿಯಂತೆ ಕುಂಯ್‌ಗುಟ್ಟಿದ, ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಸದ್ದು ಕೇಳಿ ಹೊಸ ಸೀರೆಯಲ್ಲಿ ಶಾಲನ ಓಡಿಬಂದಳು.

"ಅಯ್ಯ ಶಿವನೇ, ಸಾಯತಾನ ಬಿಡ್ರೀ!"

ಮಾರೆಪ್ಪ ತೆವಳಿಕೊಂಡು ಹೋಗಿ ಅವಳ ಕೈ ಹಿಡಿದುಕೊಂಡ. ಏನೋ ತೊದಲಿದ. ದಿಲೀಪ ಎದೆಗೆ ಒದ್ದ. ಮುದುಕ ಮಗುಚಿ ಬಿದ್ದು ಸುಮ್ಮನಾದ. ಗುರಲಿಂಗ ಬಂದು ಅವನನ್ನು ರಿಕ್ಷಾಕ್ಕೆ ಹಾಕಿ ಮಿರಜದ ದವಾಖಾನೆಗೆ ಒಯ್ದ.

ದಿಲೀಪ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಬಗ್ಗಿದ. ಹೊಸ ಬಣ್ಣ, ಗಂಟುಗಳಲ್ಲಿ ಮೆತ್ತಿದ ಗ್ರೀಸು. ನಿನ್ನೆ ಮೇಸ್ತ್ರಿ ತೋರಿಸಿದಾಗ ಹೇಗಿತ್ತೋ ಹಾಗೇ ಇತ್ತು. ಮುದುಕನ ಕೈ ಎಲ್ಲಿಯೂ ಸೋಕಿರಲಿಲ್ಲ. ಬರೋಬ್ಬರಿ ಹೊತ್ತಿಗೆ ಬಂದೆ ಎಂದು ಮೀಸೆ ತಿರುವಿದ.

"ಇವತ್ತ ಬ್ಯಾಡ್ರೀ" ಎಂದಳು ಶಾಲನ. ಮುಷ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಸೆರಗಿಗೆ ರಕ್ತ ಹತ್ತಿತ್ತು.

"ನಲವತ್ತ ವರ್ಷ ಕಾಯ್ಸೇನಿ ನಿನ್ನ. ಹತ್ತು."

ಹತ್ತಿದಳು. ಪದ್ಮಾವತಿ ಗುಡುಗಿದಳು. ಶೆಡ್ಡಿನ ಬಾಗಿಲಿನಿಂದ ಕಾಲುವೆಯ ತನಕ ಗೆರೆ ಕೊರೆದ ಹಾಗೆ ನೆಟ್ಟನೆಯ ರಸ್ತೆ. ಎರಡನೇ ಗೇರು, ಮೂರನೆಯದು. ದಿಲೀಪ ಹಾರ್ನು ಒತ್ತಿದ, ಅರವತ್ತಾರರ ಮುದುಕ ಚಿಕ್ಕ ಹುಡುಗನಂತೆ ಕೇಕೆ ಹಾಕಿದ. ಅವನಿಗೆ ಅಳುವೂ ಬಂತು. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ, ಬೈಯಲಿ! ನಾಲ್ಕನೇ ಗೇರು ಹಾಕಿದ.

"ಹೆಂಗ ಐತಿ?" ಎಂದ.

ಶಾಲನ ಆಗಷ್ಟೇ ಸೆರಗು ಬಿಚ್ಚಿ ಅಂಗೈ ನೋಡಿಕೊಳ್ಳುತ್ತಿದ್ದಳು. ಅಂಗೈಯಲ್ಲಿ ಒಂದು ಹಳೇ ನಟ್ಟು, ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಹೊಳಪಿಟ್ಟದ್ದು.

"ಇದನ್ನ ನನ್ನ ಕೈಯಾಗ ಇಟ್ಟನ್ರೀ ಆ ಮುದುಕ. 'ಹೊರಗ ಹಾಕಿದ ದಿನದಿಂದ ನನ್ನ ಜೇಬಿನ್ಯಾಗ ಉಳದೈತಿ, ಸ್ಟೇರಿಂಗಿಂದು, ಹಾಕಾಕ ಬಂದೀನವ್ವಾ' ಅಂದ. ಏನ್ರೀ ಹಂಗಂದ್ರ?"

ಕಾಲುವೆಯ ತಿರುವು ಬಂತು. ದಿಲೀಪ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ, ಅದು ಕೈಯಲ್ಲಿ ಗರಗರ ತಿರುಗಿತು, ಗಾಡಿ ನೆಟ್ಟಗೇ ಹೋಯಿತು.