ಒಂದೇ ಡಿಸ್ಕು

ಕುಲಪತಿಗಳು ಬೆನ್ನ ಹಿಂದೆ ನಿಂತಿದ್ದಾಗಲೇ ಪರೀಕ್ಷಾ ವಿಭಾಗದ ತಿಪ್ಪೇಸ್ವಾಮಿಯ ಕಂಪ್ಯೂಟರ್ ಕಲ್ಲಾಗಿ ಕೂತಿತು. ಫಲಿತಾಂಶ ಬರಲಿಲ್ಲ, ಮಾನ ಹೋಯಿತು. ನಿವೃತ್ತಿಗೆ ಎಂಟೇ ತಿಂಗಳಿರುವಾಗ ಇಂಥ ಅವಮಾನ!

ಮರುದಿನ ಬಂದ ಎಂಜಿನಿಯರ್ ಕಾರಣ ಹುಡುಕಿದ. "ನಿಮ್ಮದೂ ಸಿಬ್ಬಂದಿ ವಿಭಾಗದ ಪಂಕಜಾಕ್ಷಿ ಮೇಡಂದೂ ವರ್ಚುವಲ್ ಮೆಷಿನ್ ಸಾರ್, ಅಂದ್ರೆ ಹೆಸರಿಗಷ್ಟೇ ಬೇರೆ ಬೇರೆ ಕಂಪ್ಯೂಟರ್. ಎರಡೂ ಸರ್ವರ್‌ನ ಒಂದೇ ಡಿಸ್ಕ್ ಮೇಲೆ ಓಡ್ತಿವೆ. ಅವರು ದೊಡ್ಡ ಫೈಲ್ ಕಾಪಿಗೆ ಹಾಕಿದ್ರೆ ನಿಮ್ಮದು ನಿಂತುಬಿಡುತ್ತೆ."

"ನಾನು ಹಾಕಿದ್ರೆ?"

"ಅವರದು ನಿಲ್ಲುತ್ತೆ. ಹೊಸ ಡಿಸ್ಕ್ ಬರೋವರೆಗೂ ಒಬ್ಬರಿಗೊಬ್ಬರು ಹೇಳಿ ಮಾಡ್ಕೊಳ್ಳಿ."

ಹೇಳುವುದೆಲ್ಲಿ ಬಂತು? ರಜೆಯ ವಿಷಯಕ್ಕೆ ಜಗಳವಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಬೇಕೆಂದೇ ಮಾಡಿದ್ದಾಳೆ ಎಂದು ತಿಪ್ಪೇಸ್ವಾಮಿ ಹಲ್ಲು ಕಡಿದ.

ಗುರುವಾರ ಅವಕಾಶ ಸಿಕ್ಕಿತು. ಹನ್ನೆರಡರೊಳಗೆ ಸರ್ಕಾರಕ್ಕೆ ಏನೋ ಕಳಿಸಬೇಕೆಂದು ಪಂಕಜಾಕ್ಷಿ ಬೆಳಗಿನಿಂದ ಕಾಫಿಗೂ ಎದ್ದಿರಲಿಲ್ಲ. ಹನ್ನೊಂದೂವರೆಗೆ ತಿಪ್ಪೇಸ್ವಾಮಿ ಹತ್ತು ವರ್ಷದ ಉತ್ತರಪತ್ರಿಕೆಗಳ ಸ್ಕ್ಯಾನ್‌ಗಳನ್ನೆಲ್ಲ ಒಟ್ಟಿಗೆ ಕಾಪಿಗೆ ಹಾಕಿ ಕೈಕಟ್ಟಿ ಕೂತ. ಗೋಡೆಯಾಚೆ ಕೀಬೋರ್ಡ್ ಕುಟ್ಟುವ ಸದ್ದು, ಆಮೇಲೆ "ಅಯ್ಯೋ ದೇವ್ರೇ!" ಎಂಬ ಕೂಗು ಕೇಳಿತು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾಪಿ ನಿಲ್ಲಿಸಲಿಲ್ಲ.

ಹನ್ನೆರಡು ದಾಟಿದ ಮೇಲೆ ಅವಳೇ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

"ಏನಾಯ್ತು ಮೇಡಂ?" ತಿಪ್ಪೇಸ್ವಾಮಿ ನಗು ನುಂಗಿ ಕೇಳಿದ.

"ಮೆಷಿನ್ ನಿಂತುಬಿಡ್ತು ಸಾರ್, ಗಡುವೂ ಮುಗೀತು. ನೀವು ನಿವೃತ್ತಿ ಆಗೋ ಮುಂಚೆ ಇದೇ ಕೊನೇ ಬಡ್ತಿ ಪಟ್ಟಿ. ನಿಮ್ಮ ಹೆಸರನ್ನ ಹೋರಾಡಿ ಸೇರಿಸಿದ್ದೆ."