ಛತ್ರದ ಕಾರ್ಪೆಟ್ಟು

ಮುದುಕನಿಗೆ ಅರಳುಮರಳು ಎಂದು ಹಲ್ಲು ಕಿಸಿಯಬೇಡಿ. ಷಡಕ್ಷರಪ್ಪನ ಮನೆಯಲ್ಲಿ ಆಡಿದ ಒಂದೊಂದು ಮಾತೂ ನೆನಪಿದೆ. ಕೇಳಿ, ಹೆಣ್ಣು ಹೆತ್ತವರಿಗೆಲ್ಲ ಇದನ್ನು ಕಳಿಸಿ.

ಅವನ ಮಗಳು ಶಾಂಭವಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗಂಡು ಒಬ್ಬನೇ ಮಗ, ದೊಡ್ಡ ಮನೆತನ. ಈ ಸಂಬಂಧ ಕೈತಪ್ಪಬಾರದೆಂದು ಷಡಕ್ಷರಪ್ಪನಿಗೆ ತಳಮಳ. ಮನೆಯ ನೆಲವೆಲ್ಲ ಒಡೆದಿತ್ತು, ಕೈಯಲ್ಲಿ ಕಾಸಿರಲಿಲ್ಲ. ಮದುವೆ ಛತ್ರದವರು ಬಿಸಾಡಲಿದ್ದ ಕೆಂಪು ಕಾರ್ಪೆಟ್ಟನ್ನು ಅಗ್ಗಕ್ಕೆ ತಂದು, ಪಡಸಾಲೆಯಿಂದ ಅಡುಗೆಮನೆಯವರೆಗೂ ಹಾಸಿದ.

ಗಂಡಿನ ತಾಯಿ ಒಳಗೆ ಕಾಲಿಡುತ್ತಲೇ ಮೂಗು ಮುರಿದಳು.

“ಎಲ್ಲಿಂದ ತಂದ್ರಿ ಇದನ್ನ?”

“ಹೊಸದು ತಾಯಿ, ಮೊನ್ನೆ ತಾನೇ ತಂದಿದ್ದು.”

“ಹೊಸದಂತೆ ಹೊಸದು! ಊರೋರೆಲ್ಲ ತುಳಿದು ಬಿಟ್ಟಿದ್ದನ್ನ ಹಾಸಿ ನಮ್ಮ ಕಣ್ಣಿಗೆ ಮಣ್ಣೆರಚ್ತೀರಾ? ಹಳೇದನ್ನ ಹೊಸದು ಅನ್ನೋರ ಮನೆಯಿಂದ ಹೆಣ್ಣು ತರೋದಾದ್ರೂ ಹೇಗೆ?”

“ಇಲ್ಲ ತಾಯಿ, ದೇವರಾಣೆಗೂ...”

“ಆಣೆ ಬೇರೆ ಕೇಡು! ಈ ಸುಟ್ಟ ಕಲೆ ನೋಡ್ರಿ ಇಲ್ಲಿ. ನಮ್ಮ ಹುಡುಗನ ಮದುವೇಲಿ ಆರತಿ ತಟ್ಟೆ ಬೀಳಿಸಿದೋಳು ನಾನೇ ಕಣ್ರಿ!”

ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಾಂಭವಿ ಮೆಲ್ಲಗೆ ಕೇಳಿದಳು:

“ಯಾವ ಮದುವೆ, ಅತ್ತೆ?”